ಕೈಚೀಲ ಸೇರಿದ ಫಲಕ

ಮಧ್ಯಾಹ್ನದ ಊಟದ ಹೊತ್ತು. ಸಾಲಿನಲ್ಲಿ ನಿಂತು ತಟ್ಟೆಗೆ ಬಡಿಸಿಕೊಂಡ ಕೆಲವು ಹೆಂಗಸರು ಹಾಲಿನ ಹಿಂಬದಿಯ ಒಂದು ಮೇಜಿನತ್ತ ನಡೆಯುತ್ತಿದ್ದರು. ಮುಂದಿನ ಮೇಜುಗಳು ಖಾಲಿ ಇದ್ದರೂ ಅವರು ಕೂರಬೇಕಾದದ್ದು ಅಲ್ಲೇ. ಆ ಮೇಜಿನ ಮೇಲೆ ಬಿಳಿ ರಟ್ಟಿನ ಒಂದು ಫಲಕವಿತ್ತು. ಬರೆದದ್ದು ಎರಡೇ ಪದ: 'ಕಲರ್ಡ್ ಕಂಪ್ಯೂಟರ್ಸ್'.

ಇವತ್ತು ಓದಿದವರಿಗೆ ಯಾವುದೋ ಅಂಗಡಿಯ ಜಾಹೀರಾತು ಅನ್ನಿಸೀತು. ಆದರೆ ಇದು 1943. ಆಗ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಲೆಕ್ಕ ಮಾಡುವ ಮನುಷ್ಯರು. ನಮ್ಮಲ್ಲೂ ಗಣಕ ಎಂದರೆ ಮೊದಲು ಲೆಕ್ಕಿಗನೇ ಆಗಿದ್ದ. ಆ ಹೆಸರನ್ನು ಯಂತ್ರಕ್ಕೆ ಕೊಟ್ಟದ್ದು ಆಮೇಲೆ. 'ಕಲರ್ಡ್' ಎಂದರೆ ಕಪ್ಪು ಮೈಬಣ್ಣದವರು. ಊರು ಅಮೆರಿಕದ ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್. ಜಾಗ, ವಿಮಾನಗಳ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಸರ್ಕಾರಿ ಸಂಸ್ಥೆ ನಾಕಾದ ಲ್ಯಾಂಗ್ಲಿ ಪ್ರಯೋಗಾಲಯ. ಮುಂದೆ ನಾಸಾ ಆದದ್ದು ಇದೇ ಸಂಸ್ಥೆ.

ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಲೆ ಒಂದೇ, ಅಡುಗೆ ಒಂದೇ, ಬಡಿಸುವ ಕೈಯೂ ಒಂದೇ. ಕೂರುವ ಸಾಲು ಮಾತ್ರ ಬೇರೆ. ಇದಕ್ಕೆ ಕನ್ನಡದಲ್ಲಿ ಪಂಕ್ತಿಭೇದ ಅನ್ನುತ್ತಾರೆ.

ಆ ಮೇಜಿಗೆ ಬರುತ್ತಿದ್ದವರಲ್ಲಿ ಮಿರಿಯಮ್ ಮ್ಯಾನ್ ಎಂಬ ಪುಟ್ಟ ಆಕಾರದ ಹೆಂಗಸು ಒಬ್ಬರು. ಅಲಬಾಮಾದ ಟ್ಯಾಲಡೀಗಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರು, ಮಕ್ಕಳ ತಾಯಿ. ಒಂದು ದಿನ ಆಕೆ ಊಟ ಮುಗಿಸಿ, ಆ ಫಲಕವನ್ನು ಎತ್ತಿ ತನ್ನ ಕೈಚೀಲದೊಳಗೆ ಹಾಕಿಕೊಂಡು ಎದ್ದುಹೋದರು. ಕೂಗಾಟವಿಲ್ಲ, ಅರ್ಜಿಯಿಲ್ಲ. ಕೆಲವು ದಿನ ಕಳೆದ ಮೇಲೆ ಮೇಜಿನ ಮೇಲೆ ಹೊಸ ಫಲಕ ಬಂತು. ಅದೂ ಕೈಚೀಲ ಸೇರಿತು. ಮತ್ತೊಂದು ಬಂತು. ಅದೂ ಹೋಯಿತು. ಕೆಲಸ ಹೋದೀತು ಎಂದು ಗಂಡ ಎಚ್ಚರಿಸಿದರು. ತೆಗೆಯುವುದಿದ್ದರೆ ತೆಗೆಯಲಿ ಎಂಬುದು ಆಕೆಯ ಉತ್ತರ. ಮನೆಯ ಆ ಮಾತುಕತೆ ನಮ್ಮವರೆಗೆ ಬಂದದ್ದು ಮಗಳ ನೆನಪಿನಿಂದ.

ಈ ಫಲಕದ ಆಟದ ಮುಂದಿನ ಭಾಗಕ್ಕೆ ಆಮೇಲೆ ಬರೋಣ. ಅದಕ್ಕೂ ಮೊದಲು, ಆ ಹೆಂಗಸರು ಆ ಮೇಜಿನವರೆಗಾದರೂ ಬಂದದ್ದು ಹೇಗೆ ಎಂದು ತಿಳಿಯಬೇಕು. ಪ್ರತಿಭೆಗೆ ಮನ್ನಣೆ ಸಿಕ್ಕಿತು ಎಂದು ಹೇಳಿ ಮುಗಿಸಿದರೆ ಕೇಳಲು ಹಿತ. ನಡೆದದ್ದು ಹಾಗಲ್ಲ.

ಎರಡನೇ ಮಹಾಯುದ್ಧಕ್ಕೆ ಅಮೆರಿಕ ಇನ್ನೂ ಇಳಿದಿರಲಿಲ್ಲ, ಆದರೆ ಕಾರ್ಖಾನೆಗಳು ಹಗಲಿರುಳೂ ಓಡುತ್ತಿದ್ದವು. ಹತ್ತು ವರ್ಷದ ಬಡತನ ಕಂಡ ದೇಶದಲ್ಲಿ ದಿಢೀರನೆ ಕೆಲಸವೋ ಕೆಲಸ. ಕಪ್ಪು ಜನಕ್ಕೆ ಮಾತ್ರ ಅಲ್ಲಿ ಗೇಟಿನಾಚೆಯ ಜಾಗ. ನಾರ್ತ್ ಅಮೆರಿಕನ್ ಏವಿಯೇಷನ್ ಎಂಬ ವಿಮಾನ ಕಂಪನಿಯ ಅಧ್ಯಕ್ಷರು 1941ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು: ನೀಗ್ರೋಗಳಿಗೆ ಕಸ ಗುಡಿಸುವ ಕೆಲಸ ಕೊಡುತ್ತೇವೆ, ತರಬೇತಿ ಎಷ್ಟೇ ಇದ್ದರೂ ವಿಮಾನ ಜೋಡಿಸುವ ಕೆಲಸ ಕೊಡುವುದಿಲ್ಲ. ಲ್ಯಾಂಗ್ಲಿಯ ಗಾಳಿಸುರಂಗಗಳಲ್ಲಿ ಮುಂದೆ ಪರೀಕ್ಷೆಗೆ ಒಳಗಾದ ಮಸ್ಟಾಂಗ್ ಯುದ್ಧವಿಮಾನ ಇದೇ ಕಂಪನಿಯದು.

ಆಗ ಎದ್ದು ನಿಂತವರು ಎ. ಫಿಲಿಪ್ ರಾಂಡಾಲ್ಫ್. ವಿಜ್ಞಾನಕ್ಕೂ ಇವರಿಗೂ ಸಂಬಂಧವೇ ಇರಲಿಲ್ಲ. ರೈಲಿನ ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸಿ, ಪೆಟ್ಟಿಗೆ ಹೊರುತ್ತಿದ್ದ ಕಪ್ಪು ಪೋರ್ಟರುಗಳ ಸಂಘ ಕಟ್ಟಿದವರು. ಬೋಗಿಗಳ ಮಾಲೀಕ ಜಾರ್ಜ್ ಪುಲ್‌ಮನ್ ಆಗಿದ್ದರಿಂದ ಪ್ರಯಾಣಿಕರು ಪೋರ್ಟರುಗಳನ್ನೆಲ್ಲ 'ಜಾರ್ಜ್' ಎಂದೇ ಕರೆಯುತ್ತಿದ್ದರಂತೆ, ಧಣಿಯ ಹೆಸರೇ ಆಳುಗಳ ಹೆಸರು. ಅಂಥವರನ್ನು ಒಗ್ಗೂಡಿಸಿ 1925ರಿಂದ ಸಂಘ ನಡೆಸಿದ್ದ ಮನುಷ್ಯ, 1941ರ ಆರಂಭದಲ್ಲಿ ಒಂದು ಕರೆ ಕೊಟ್ಟರು. ಜುಲೈ 1ರಂದು ಹತ್ತು ಸಾವಿರ ಜನ ರಾಜಧಾನಿ ವಾಷಿಂಗ್ಟನ್‌ಗೆ ನಡೆದುಬರುತ್ತಾರೆ. ಕೆಲವೇ ತಿಂಗಳಲ್ಲಿ ಹತ್ತು ಸಾವಿರ ಲಕ್ಷವಾಯಿತು.

ಅಧ್ಯಕ್ಷ ರೂಸ್‌ವೆಲ್ಟ್‌ಗೆ ಪೀಕಲಾಟ. ಹಿಟ್ಲರನ ಜನಾಂಗದ್ವೇಷವನ್ನು ಖಂಡಿಸುವ ದೇಶದ ರಾಜಧಾನಿಯಲ್ಲಿ ಕಪ್ಪು ಪ್ರಜೆಗಳ ಮೆರವಣಿಗೆ! ಮೊದಲು ಹೆಂಡತಿ ಎಲಿನಾರ್ ಮೂಲಕ ಹೇಳಿಸಿದರು, ಫಲಿಸಲಿಲ್ಲ. ಜೂನ್ 18ರಂದು ರಾಂಡಾಲ್ಫ್‌ರನ್ನು ಶ್ವೇತಭವನಕ್ಕೆ ಕರೆಸಿದರು. ಎಷ್ಟು ಜನ ಬರುತ್ತಾರೆ ಎಂಬ ಪ್ರಶ್ನೆಗೆ, ಒಂದು ಲಕ್ಷ ಎಂಬ ಉತ್ತರ. ಅಷ್ಟು ಜನ ನಿಜಕ್ಕೂ ಬರುತ್ತಿದ್ದರೋ ಇಲ್ಲವೋ, ರಾಂಡಾಲ್ಫ್‌ ಮುಖದಲ್ಲಿ ಮಾತ್ರ ಅನುಮಾನ ಕಾಣಿಸಲಿಲ್ಲ. ಒಂದು ವಾರಕ್ಕೆ, ಜೂನ್ 25ರಂದು, ಆದೇಶ ಸಂಖ್ಯೆ 8802 ಹೊರಬಿತ್ತು. ರಕ್ಷಣಾ ಕಾರ್ಖಾನೆಗಳಲ್ಲೂ ಸರ್ಕಾರಿ ಕೆಲಸಗಳಲ್ಲೂ ಜನಾಂಗ, ಬಣ್ಣ, ಧರ್ಮ, ಹುಟ್ಟಿದ ದೇಶ ನೋಡಿ ಕೆಲಸ ನಿರಾಕರಿಸುವಂತಿಲ್ಲ. ದೂರು ಕೇಳಲು ಒಂದು ಸಮಿತಿ. ಮೆರವಣಿಗೆ ರದ್ದಾಯಿತು. ಲ್ಯಾಂಗ್ಲಿಯ ಕಪ್ಪು ಗಣಿತಜ್ಞೆಯರ ಕತೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ, ಈ ರೈಲು ಪೋರ್ಟರುಗಳಿಂದ ಎನ್ನುತ್ತೇನೆ.

ಅದೇ ವರ್ಷ ಅದೇ ದೇಶದ ದಕ್ಷಿಣದಲ್ಲಿ ರೈಲು ಹತ್ತಿದ್ದ ಒಬ್ಬ ಪ್ರಯಾಣಿಕರು ನಮ್ಮ ಕರಾವಳಿಯವರು: ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಲೂಯಿಸಿಯಾನಾದಲ್ಲಿ ಬಿಳಿಯರ ಬೋಗಿಯಲ್ಲಿ ಕುಳಿತಿದ್ದ ಅವರನ್ನು ಟಿಕೆಟ್ ಕಲೆಕ್ಟರ್ ಎದ್ದುಹೋಗಲು ಹೇಳಿದ. ಅವರು ಏಳಲಿಲ್ಲ. ಆತ ಹೋಗಿ ಮತ್ತೆ ಬಂದು, ಯಾವ ದೇಶದವರು ಎಂದು ವಿಚಾರಿಸಿದ. ಭಾರತದವಳು ಎಂದುಬಿಟ್ಟಿದ್ದರೆ ವಿದೇಶಿ ಅತಿಥಿ ಎಂದು ಬಿಟ್ಟುಬಿಡುತ್ತಿದ್ದನೇನೋ. ಆ ಸುಲಭದ ದಾರಿ ಅವರಿಗೆ ಬೇಕಿರಲಿಲ್ಲ. ತಾನೂ ಬಣ್ಣದ ಹೆಂಗಸೇ, ಇಲ್ಲಿಂದ ಕದಲುವ ಉದ್ದೇಶವಿಲ್ಲ ಎಂದು ಹೇಳಿ ಕುಳಿತೇ ಇದ್ದರು. ಆತ ಸುಮ್ಮನೆ ಹೋದ. ರಾಂಡಾಲ್ಫ್‌ರ ಪೋರ್ಟರುಗಳು ಹಾಸಿಗೆ ಹಾಸುತ್ತಿದ್ದ ಕಾಲದ ರೈಲಿನ ನೋಟ ಇದು.

ಆದೇಶವಾಯಿತು ಸರಿ, ಅದು ಹ್ಯಾಂಪ್ಟನ್‌ಗೆ ತಲುಪಲು ಎರಡು ವರ್ಷ ಹಿಡಿಯಿತು. ತಲುಪಿಸಿದ್ದು ಗರಜು. ಲ್ಯಾಂಗ್ಲಿಯಲ್ಲಿ 1935ರಲ್ಲೇ ಐದು ಮಂದಿ ಬಿಳಿಯ ಹೆಂಗಸರ ಲೆಕ್ಕದ ವಿಭಾಗ ಶುರುವಾಗಿತ್ತು. ಗಾಳಿಸುರಂಗದಲ್ಲಿ ವಿಮಾನದ ಮಾದರಿ ನಿಲ್ಲಿಸಿ ಗಾಳಿ ಹಾಯಿಸಿದರೆ, ರೆಕ್ಕೆಯ ಮೇಲಿನ ಒತ್ತಡ ಅಳೆಯುವ ಕೊಳವೆಗಳು ನೂರಾರು ಅಂಕಿ ಕೊಡುತ್ತವೆ. ಅವುಗಳನ್ನು ಓದಿ, ಸೂತ್ರಕ್ಕೆ ಹಾಕಿ, ಗೆರೆ ಎಳೆದು ನಕ್ಷೆ ಮಾಡುವವರೆಗೆ ಎಂಜಿನಿಯರನಿಗೆ ಅವು ಬರೀ ಅಂಕಿ. ಈ ಹೆಂಗಸರು ಎಂಜಿನಿಯರುಗಳಿಗಿಂತ ಬೇಗ, ಅವರಿಗಿಂತ ತಪ್ಪಿಲ್ಲದೆ ಲೆಕ್ಕ ಮಾಡುತ್ತಾರೆ ಎಂದು ಎಂಜಿನಿಯರುಗಳೇ ಒಪ್ಪುತ್ತಾರೆಂದು 1942ರಲ್ಲಿ ಸಂಸ್ಥೆಯ ಒಳಟಿಪ್ಪಣಿಯೊಂದು ದಾಖಲಿಸಿದೆ. ಹಾಗೆಂದು ಸಂಬಳದ ದರ್ಜೆ ಅವರಷ್ಟೇ ಇತ್ತು ಅಂದುಕೊಳ್ಳಬೇಡಿ. ಅದೇ ಪದವಿ ಪಡೆದ ಹುಡುಗ ಬಂದರೆ 'ವೃತ್ತಿಪರ', ಹುಡುಗಿ ಬಂದರೆ ಹೆಚ್ಚಿನ ಸಲ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಯುದ್ಧ ಬಂದಾಗ ಬಿಳಿಯ ಹುಡುಗಿಯರೂ ಸಾಲಲಿಲ್ಲ. ನೇಮಕಾತಿ ನೋಡುತ್ತಿದ್ದ ಮೆಲ್ವಿನ್ ಬಟ್ಲರ್ ಎಂಬ ಅಧಿಕಾರಿಗೆ ಮೇಲಿಂದ ಆದೇಶದ ಒತ್ತಡ, ಕೆಳಗಿಂದ ಎಂಜಿನಿಯರುಗಳ ಕಾಟ. ಸರ್ಕಾರಿ ಅರ್ಜಿಗೆ ಫೋಟೊ ಅಂಟಿಸಬೇಕೆಂಬ ನಿಯಮ 1914ರಿಂದ ಇತ್ತು. ಮುಖ ನೋಡಿ ಕಪ್ಪು ಅರ್ಜಿದಾರರನ್ನು ಬದಿಗಿಡಲು ಅದಕ್ಕಿಂತ ಸಲೀಸಾದ ಉಪಾಯವಿರಲಿಲ್ಲ. 1940ರಲ್ಲಿ ಆ ನಿಯಮ ಹೋಗಿತ್ತು. ಆದರೆ ಕಾಲೇಜಿನ ಹೆಸರು ನೋಡಿದರೆ ಸಾಕಲ್ಲ. ನಮ್ಮಲ್ಲಿ ಅಡ್ಡಹೆಸರು, ಊರು, ಕೇರಿ ಕೇಳಿ ತಿಳಿದುಕೊಳ್ಳುವ ಹಾಗೆ, ಅಲ್ಲಿ ಹೋವರ್ಡ್, ಹ್ಯಾಂಪ್ಟನ್, ಟ್ಯಾಲಡೀಗಾ ಎಂದರೆ ಕಪ್ಪು ಜನರ ಕಾಲೇಜು ಎಂದು ಎಲ್ಲರಿಗೂ ಗೊತ್ತು. ಬಟ್ಲರ್ ಅರ್ಜಿಗಳನ್ನು ತೆಗೆದುಕೊಂಡರು. ಹೊಸಬರನ್ನು ಕೂರಿಸಲು ಹಳೆಯ ಪೂರ್ವ ಭಾಗದಿಂದ ದೂರ, ವಿಮಾನ ನಿಲ್ದಾಣದ ಆಚೆ ಹೊಸದಾಗಿ ಕಟ್ಟುತ್ತಿದ್ದ ಪಶ್ಚಿಮ ಭಾಗದಲ್ಲಿ ಒಂದು ಕೋಣೆ ಗೊತ್ತು ಮಾಡಿದರು. ಅದರ ಹೆಸರು ವೆಸ್ಟ್ ಏರಿಯಾ ಕಂಪ್ಯೂಟರ್ಸ್. ಕೆಲಸ ಮಾಡುವವರೆಲ್ಲ ಕಪ್ಪು, ಮೇಲ್ವಿಚಾರಕಿ ಬಿಳಿ.

ರಸಾಯನಶಾಸ್ತ್ರ ಓದಿದ್ದ ಕ್ಯಾಥರಿನ್ ಪೆಡ್ರೂ ಎಂಬವರಿಗೆ ಲ್ಯಾಂಗ್ಲಿಯ ರಸಾಯನ ವಿಭಾಗದಲ್ಲೇ ಕೆಲಸ ಸಿಕ್ಕಿತ್ತು. ಕಪ್ಪಗಿದ್ದಾರೆ ಎಂದು ತಿಳಿದ ಕೂಡಲೇ ಅವರನ್ನೂ ಈ ಕೋಣೆಗೆ ಕಳಿಸಿದರು. ಓದಿದ್ದು ಏನಾದರೇನು, ಕೂರಬೇಕಾದ ಪಂಕ್ತಿ ಇದು.

ಡೊರೊಥಿ ವಾನ್ ಬಂದದ್ದು 1943ರ ಡಿಸೆಂಬರಿನಲ್ಲಿ. ಆಗ ಅವರಿಗೆ 33 ವರ್ಷ, ನಾಲ್ಕು ಮಕ್ಕಳು. ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದಲ್ಲಿ 1929ರಲ್ಲೇ ಗಣಿತದ ಪದವಿ ಪಡೆದು, ಫಾರ್ಮ್‌ವಿಲ್ ಎಂಬ ಸಣ್ಣ ಊರಿನ ಕಪ್ಪು ಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ ಆಗಿದ್ದರು. ವರ್ಷಕ್ಕೆ 850 ಡಾಲರ್ ಸಂಬಳ. ಸಾಲದೆ, ಆ ಬೇಸಿಗೆ ರಜೆಯಲ್ಲಿ ಕ್ಯಾಂಪ್ ಪಿಕೆಟ್ ಎಂಬ ಸೇನಾ ಶಿಬಿರದ ಲಾಂಡ್ರಿಯಲ್ಲಿ ಸಿಪಾಯಿಗಳ ಬಟ್ಟೆ ವಿಂಗಡಿಸಲು ಸೇರಿದ್ದರು, ಗಂಟೆಗೆ 40 ಸೆಂಟ್. ಪೋಸ್ಟ್ ಆಫೀಸಿನಲ್ಲಿ ಕಂಡ ಒಂದು ಪ್ರಕಟಣೆ ನೋಡಿ ಅರ್ಜಿ ಹಾಕಿದರು. ಲ್ಯಾಂಗ್ಲಿ ಕೊಟ್ಟದ್ದು ವರ್ಷಕ್ಕೆ 2,000 ಡಾಲರ್. ಮಕ್ಕಳನ್ನು ಅತ್ತೆ ಮಾವನ ಬಳಿ ಬಿಟ್ಟು ಬಸ್ಸು ಹತ್ತಿದರು. ಯುದ್ಧ ಮುಗಿಯುವವರೆಗಿನ ಕೆಲಸ ಎಂದು ಕರೆದಿದ್ದರು. ಅವರು ನಿವೃತ್ತರಾದದ್ದು 1971ರಲ್ಲಿ.

ಕೋಣೆಯೊಳಗೆ ದಿನವಿಡೀ ಲೆಕ್ಕದ ಯಂತ್ರಗಳ ಕಟಕಟ. ಎದುರಿಗೆ ಉದ್ದದ ಹಾಳೆ, ಅದರಲ್ಲಿ ಕಂಬಸಾಲು. ಮೂರನೇ ಕಂಬಸಾಲನ್ನು ಐದನೆಯದರಿಂದ ಗುಣಿಸು, ಬಂದದ್ದನ್ನು ಎಂಟನೆಯದರಲ್ಲಿ ಬರೆ, ವರ್ಗಮೂಲ ತೆಗೆ. ಯಾವ ವಿಮಾನ, ಯಾತಕ್ಕೆ ಈ ಲೆಕ್ಕ ಎಂಬುದು ಎಷ್ಟೋ ಸಲ ಅವರಿಗೆ ತಿಳಿಯುತ್ತಿರಲಿಲ್ಲ. ವರದಿ ಅಚ್ಚಾಗುವಾಗ ಎಂಜಿನಿಯರ್ ಹೆಸರು ಮುಖಪುಟದಲ್ಲಿ. ಲೆಕ್ಕಿಗರ ಹೆಸರು ಎಲ್ಲೂ ಇಲ್ಲ. ಇದು ಬಿಳಿ ಹೆಂಗಸರಿಗೂ ಅನ್ವಯಿಸುತ್ತಿದ್ದ ಮಾತು. ಹೆಂಗಸು ಮತ್ತು ಕಪ್ಪು ಎರಡೂ ಆದವರು ಎರಡು ಬಾಗಿಲು ದಾಟಬೇಕಿತ್ತು.

ಇನ್ನು ಫಲಕ. ಯುದ್ಧ ಮುಗಿಯುವ ಮೊದಲೇ ಒಂದು ದಿನ ಅದು ಮೇಜಿನ ಮೇಲೆ ಮತ್ತೆ ಕಾಣಿಸಿಕೊಳ್ಳಲಿಲ್ಲ. ರಟ್ಟು ಖರ್ಚಾಯಿತೋ, ಇಡುವವರಿಗೆ ಬೇಸರ ಬಂತೋ. ತೆಗೆದಿದ್ದೇವೆ ಎಂದು ಯಾರೂ ಬಂದು ಹೇಳಲಿಲ್ಲ. ಹೆಂಗಸರು ಅದೇ ಮೇಜಿನಲ್ಲೇ ಊಟ ಮುಂದುವರಿಸಿದರು. ಆದರೆ ಈಗ ಅದು ಬರೀ ಮೇಜು.

ಈ ಕಾಲದ ಬಗ್ಗೆ 2016ರಲ್ಲಿ ಬಂದ ಹಾಲಿವುಡ್ ಚಿತ್ರ 'ಹಿಡನ್ ಫಿಗರ್ಸ್' ಅನ್ನು ಹಲವರು ನೋಡಿದ್ದೀರಿ. ಅದರಲ್ಲಿ ಬಿಳಿಯ ಮೇಲಧಿಕಾರಿ ಕೈಯಲ್ಲಿ ದೊಡ್ಡ ಸಲಾಕೆ ಹಿಡಿದು ಶೌಚಾಲಯದ 'ಕಲರ್ಡ್' ಫಲಕವನ್ನು ಹೊಡೆದು ಬೀಳಿಸುತ್ತಾನೆ. ಥಿಯೇಟರಿನಲ್ಲಿ ಸಿಳ್ಳೆ ಬೀಳುವ ದೃಶ್ಯ. ಅಂಥ ಅಧಿಕಾರಿ ಇರಲಿಲ್ಲ, ಅಂಥ ಘಟನೆ ನಡೆಯಲೂ ಇಲ್ಲ. ಫಲಕ ತೆಗೆದದ್ದು ಮಿರಿಯಮ್ ಮ್ಯಾನ್, ಕೈಚೀಲ ತೆರೆದು, ಯಾರೂ ನೋಡದಂತೆ. ಸಿನಿಮಾಕ್ಕೆ ಅದು ಸಾಲಲಿಲ್ಲ. ಉಪಕಾರ ಮಾಡುವ ಬಿಳಿಯನೊಬ್ಬ ಬೇಕಾದ. ಚಿತ್ರ ನನಗೂ ಇಷ್ಟವೇ, ಆದರೆ ಈ ಒಂದು ಬದಲಾವಣೆಯನ್ನು ಮಾತ್ರ ಒಪ್ಪಲಾರೆ.

ಶೌಚಾಲಯದ ಫಲಕಗಳು ಊಟದ ಮನೆಯ ಫಲಕಕ್ಕಿಂತ ಗಟ್ಟಿಯಾಗಿದ್ದವು. 1951ರಲ್ಲಿ ಸೇರಿದ ಮೇರಿ ಜಾಕ್ಸನ್, ಹ್ಯಾಂಪ್ಟನ್ ಊರಿನವರೇ, ಗಣಿತ ಮತ್ತು ಭೌತವಿಜ್ಞಾನ ಓದಿದವರು. ಒಂದು ದಿನ ಕೆಲಸದ ಮೇಲೆ ಪೂರ್ವ ಭಾಗಕ್ಕೆ ಹೋದಾಗ, ಜೊತೆಗಿದ್ದ ಬಿಳಿ ಹೆಂಗಸರನ್ನು ಶೌಚಾಲಯ ಎಲ್ಲಿ ಎಂದು ಕೇಳಿದರು. ನಿಮ್ಮದು ಎಲ್ಲಿದೆಯೋ ನಮಗೇನು ಗೊತ್ತು ಎಂದು ಅವರು ನಕ್ಕರು. ಕುದಿಯುತ್ತ ವಾಪಸು ಬರುವಾಗ ಕಾಜಿಮಿಯರ್ಜ್ ಜಾರ್ನೆಕಿ ಎಂಬ ಎಂಜಿನಿಯರ್ ಎದುರಾದರು, ಮೇರಿ ಎಲ್ಲವನ್ನೂ ಅವರೆದುರು ಕಾರಿಕೊಂಡರು. ಕೇಳಿಸಿಕೊಂಡ ಮನುಷ್ಯ ಸಮಾಧಾನ ಹೇಳಲಿಲ್ಲ. ನನ್ನ ಬಳಿ ಕೆಲಸಕ್ಕೆ ಬಾ ಎಂದರು. ಅವರ ಕೆಲಸ ಶಬ್ದದ ಎರಡರಷ್ಟು ವೇಗಕ್ಕೆ ಗಾಳಿ ಹಾಯಿಸುವ, 60,000 ಅಶ್ವಶಕ್ತಿಯ ಗಾಳಿಸುರಂಗದಲ್ಲಿ.

ಅಲ್ಲಿ ಮೇರಿಯ ಹೆಸರು ಉಳಿಯುವಂತೆ ಮಾಡಿದ ಪ್ರಸಂಗ ಇನ್ನೊಂದು. ವಿಭಾಗದ ಮುಖ್ಯಸ್ಥ ಜಾನ್ ಬೆಕರ್ ಒಂದು ಲೆಕ್ಕ ಕೊಟ್ಟರು. ಮೇರಿ ಮಾಡಿಕೊಟ್ಟರು. ಉತ್ತರ ತಪ್ಪು ಎಂದರು ಬೆಕರ್. ತಪ್ಪಿಲ್ಲ ಎಂದರು ಮೇರಿ. ಇಬ್ಬರೂ ಪಟ್ಟು ಬಿಡದೆ ಹಾಳೆ ಹಾಳೆ ತಿರುವಿ ನೋಡಿದಾಗ ಸಿಕ್ಕಿದ ಸತ್ಯ: ಬೆಕರ್ ಕೊಟ್ಟ ಮೂಲ ಅಂಕಿಗಳೇ ತಪ್ಪು. ಬೆಕರ್ ಕ್ಷಮೆ ಕೇಳಿದರು. ಆ ಸುದ್ದಿ ವೆಸ್ಟ್ ಕೋಣೆಗೆ ಎಷ್ಟು ಬೇಗ ಮುಟ್ಟಿರಬೇಡ!

ಎಂಜಿನಿಯರ್ ಆಗು ಎಂದು ಜಾರ್ನೆಕಿ ಒತ್ತಾಯಿಸಿದರು. ಅದಕ್ಕೆ ಬೇಕಾದ ಸಂಜೆ ತರಗತಿಗಳು ನಡೆಯುತ್ತಿದ್ದದ್ದು ಬಿಳಿಯರ ಹ್ಯಾಂಪ್ಟನ್ ಹೈಸ್ಕೂಲಿನಲ್ಲಿ. ತಾನು ಹುಟ್ಟಿ ಬೆಳೆದ ಊರಿನ ಶಾಲೆಯ ಮೆಟ್ಟಿಲು ಹತ್ತಲು ಮೇರಿ ಊರಿನ ಆಡಳಿತದಿಂದ ವಿಶೇಷ ಅನುಮತಿ ಬೇಡಿ ಪಡೆಯಬೇಕಾಯಿತು. ಇಷ್ಟು ವರ್ಷ ತಮ್ಮನ್ನು ಹೊರಗಿಟ್ಟ ಆ ಕಟ್ಟಡದ ಒಳಗೆ ಏನೋ ವೈಭವ ಇದ್ದೀತು ಎಂದುಕೊಂಡು ಕಾಲಿಟ್ಟರೆ, ಅದೂ ಹಳತಾಗಿ ಹಾಳು ಸುರಿಯುತ್ತಿತ್ತು. 1958ರಲ್ಲಿ ಮೇರಿ ಜಾಕ್ಸನ್ ಎಂಜಿನಿಯರ್ ಆದರು. ನಾಸಾದಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ಮಹಿಳೆ.

ಕ್ಯಾಥರಿನ್ ಜಾನ್ಸನ್ ಸ್ವಭಾವವೇ ಬೇರೆ. 1953ರಲ್ಲಿ ಸೇರಿದ ಎರಡೇ ವಾರಕ್ಕೆ, ಆಗ ವೆಸ್ಟ್ ಕೋಣೆಯ ಮುಖ್ಯಸ್ಥೆಯಾಗಿದ್ದ ಡೊರೊಥಿ, ಇವರನ್ನು ವಿಮಾನ ಹಾರಾಟದ ಸಂಶೋಧನಾ ವಿಭಾಗಕ್ಕೆ ಕಳಿಸಿದರು. ಮೊದಲ ದಿನ ಖಾಲಿ ಕುರ್ಚಿ ನೋಡಿ ಕುಳಿತ ಕೂಡಲೇ ಪಕ್ಕದ ಬಿಳಿ ಎಂಜಿನಿಯರ್ ಎದ್ದು ಹೋದ. ಬಣ್ಣಕ್ಕೋ, ಹೆಂಗಸೆಂದೋ, ಅವನಿಗೆ ಬೇರೇನೋ ಕೆಲಸವಿತ್ತೋ ಎಂದು ಕ್ಯಾಥರಿನ್ ತಲೆಕೆಡಿಸಿಕೊಳ್ಳಲಿಲ್ಲ. ತಮ್ಮ ಡಬ್ಬಿ ತೆಗೆದು ಊಟ ಮಾಡಿದರು. ಇಬ್ಬರೂ ವೆಸ್ಟ್ ವರ್ಜೀನಿಯಾದವರೆಂದು ತಿಳಿದ ಮೇಲೆ ಅದೇ ಮನುಷ್ಯ ಗೆಳೆಯನಾದ. ಬಿಳಿಯರ ಶೌಚಾಲಯಗಳಿಗೆ ಫಲಕವೇ ಇರಲಿಲ್ಲ, ಕಪ್ಪು ಜನರದಕ್ಕೆ ಮಾತ್ರ ಇತ್ತು. ಹಾಗಾಗಿ ಕ್ಯಾಥರಿನ್ ಹತ್ತಿರದಲ್ಲಿದ್ದದ್ದನ್ನೇ ಬಳಸುತ್ತ ಹೋದರು. ವಿಷಯ ತಿಳಿದ ಮೇಲೂ ಬದಲಾಯಿಸಲಿಲ್ಲ. ಸಿನಿಮಾದಲ್ಲಿ ದೂರದ ಶೌಚಾಲಯಕ್ಕೆ ಮಳೆಯಲ್ಲಿ ಓಡುವುದು ಇವರೇ. ನಿಜದಲ್ಲಿ ಅವರು ಒಂದು ದಿನವೂ ಓಡಲಿಲ್ಲ.

ಎಂಟನೇ ತರಗತಿಯಾಚೆ ಕಪ್ಪು ಮಕ್ಕಳಿಗೆ ಶಾಲೆಯೇ ಇಲ್ಲದ ಊರಿನಿಂದ ಬಂದವರು ಅವರು. ಅಪ್ಪ ಮಕ್ಕಳ ಓದಿಗಾಗಿ ಸಂಸಾರವನ್ನು ಸುಮಾರು 120 ಮೈಲಿ ದೂರದ ಊರಿಗೆ ಕಳಿಸಿ ತಾನು ದುಡಿಯಲು ಊರಲ್ಲೇ ಉಳಿದಿದ್ದರು. ಕಾಲೇಜಿನಲ್ಲಿ ಕ್ಲೇಟರ್ ಎಂಬ ಗುರು ಸಿಕ್ಕಿದರು. ಗಣಿತದಲ್ಲಿ ಪಿಎಚ್.ಡಿ. ಪಡೆದ ಮೂರನೇ ಕಪ್ಪು ಅಮೆರಿಕನ್. ಈ ಹುಡುಗಿಗೆಂದೇ ಮೂರು ಆಯಾಮದ ಜ್ಯಾಮಿತಿಯ ಪಾಠ ರೂಪಿಸಿದರು. ಆ ಜ್ಯಾಮಿತಿ ಎಲ್ಲಿ ಉಪಯೋಗಕ್ಕೆ ಬಂದೀತು ಎಂದು 1937ರಲ್ಲಿ ಕೇಳಿದ್ದರೆ ಗುರುವಿಗೂ ಉತ್ತರ ಗೊತ್ತಿರಲಿಲ್ಲವೇನೋ.

1957ರ ಅಕ್ಟೋಬರಿನಲ್ಲಿ ರಷ್ಯನ್ನರ ಸ್ಪುಟ್ನಿಕ್ ತಲೆಯ ಮೇಲೆ ಸುತ್ತಿತು. ಅಮೆರಿಕ ಬೆಚ್ಚಿಬಿತ್ತು. ವಿಮಾನ ಸಂಸ್ಥೆ ನಾಕಾ, 1958ರ ಅಕ್ಟೋಬರ್ 1ಕ್ಕೆ ನಾಸಾ ಆಯಿತು. ಅದಕ್ಕೆ ಕೆಲವು ತಿಂಗಳ ಮೊದಲು, ಮೇ ತಿಂಗಳಲ್ಲಿ, ಲ್ಯಾಂಗ್ಲಿಯಲ್ಲಿ ಒಂದು ಸಣ್ಣ ಸುತ್ತೋಲೆ ಹೊರಟಿತು: ವೆಸ್ಟ್ ಏರಿಯಾ ಕಂಪ್ಯೂಟರ್ಸ್ ವಿಭಾಗವನ್ನು ಮುಚ್ಚಲಾಗಿದೆ. ಹದಿನೈದು ವರ್ಷದ ಪಂಕ್ತಿಭೇದ ಒಂದು ಹಾಳೆಯಲ್ಲಿ ಮುಗಿಯಿತು.

ಇಲ್ಲೇ ನನಗೆ ಈ ಕತೆಯ ಎಲ್ಲಕ್ಕಿಂತ ಕಹಿಯಾದ ತಿರುವು ಕಾಣುವುದು. ಡೊರೊಥಿ ವಾನ್ 1949ರಿಂದ ಆ ಕೋಣೆಯ ಮುಖ್ಯಸ್ಥೆ, ಮೊದಲು ಹಂಗಾಮಿ, ಆಮೇಲೆ ಪೂರ್ಣ. ಆ ಸಂಸ್ಥೆಯ ಮೊದಲ ಕಪ್ಪು ಮೇಲ್ವಿಚಾರಕಿ. ಯಾರು ಯಾವ ಲೆಕ್ಕಕ್ಕೆ ಸೈ ಎಂದು ಅವರನ್ನು ಕೇಳದೆ ಎಂಜಿನಿಯರುಗಳು ಹುಡುಗಿಯರನ್ನು ಕರೆದೊಯ್ಯುತ್ತಿರಲಿಲ್ಲ. ತನ್ನವರಿಗೆ ಬಡ್ತಿ ಕೊಡಿಸಲು, ಕೆಲವೊಮ್ಮೆ ಬಿಳಿಯ ಹುಡುಗಿಯರ ಪರವಾಗಿಯೂ, ಆಡಳಿತದೊಂದಿಗೆ ಹೋರಾಡುತ್ತಿದ್ದರು. ವಿಭಾಗ ಮುಚ್ಚಿದ ದಿನ ಬೇಲಿ ಹೋಯಿತು, ಅದರ ಜೊತೆ ಅವರ ಕುರ್ಚಿಯೂ ಹೋಯಿತು. ಬಿಳಿ ಕಪ್ಪು ಬೆರೆತ ಹೊಸ ವಿಭಾಗದಲ್ಲಿ ಯಂತ್ರದ ಕಂಪ್ಯೂಟರಿಗೆ ಫೋರ್‌ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತರು, ಚೆನ್ನಾಗಿಯೇ ಕಲಿತರು. ಆದರೆ ಮತ್ತೊಮ್ಮೆ ಮುಖ್ಯಸ್ಥೆಯ ಹುದ್ದೆ ಕೇಳಿದಾಗ ಸಿಗಲಿಲ್ಲ. ಕೊನೆಯವರೆಗೂ ಸಿಗಲಿಲ್ಲ. ಬೇರೆ ಪಂಕ್ತಿಯಲ್ಲಿ ಕೂತಾಗ ಆ ಪಂಕ್ತಿಗೆ ಅವರೇ ಯಜಮಾನಿ. ಒಂದೇ ಪಂಕ್ತಿಯಾದ ಮೇಲೆ ಬಡಿಸುವ ಸೌಟು ಮತ್ತೆ ಬಿಳಿಯರ ಕೈಗೆ.

ಬೆರೆತುಕೊಳ್ಳುವುದೆಂದರೆ ಇಷ್ಟೇ ಆದರೆ, ಅದನ್ನು ಅರ್ಧ ಸೋಲು ಎನ್ನದೆ ಬೇರೆ ಹೆಸರು ನನಗೆ ತೋಚುವುದಿಲ್ಲ.

ಮುಂದಿನದನ್ನು ಎಲ್ಲರೂ ಬಲ್ಲರು. 1960ರಲ್ಲಿ ಉಪಗ್ರಹದ ಪಥದ ಮೇಲೆ ಬಂದ ವರದಿಯಲ್ಲಿ ಕ್ಯಾಥರಿನ್ ಹೆಸರು ಲೇಖಕರ ಸಾಲಿನಲ್ಲೇ ಅಚ್ಚಾಯಿತು. ಆ ವಿಭಾಗದ ಯಾವ ಹೆಂಗಸಿಗೂ ಅದುವರೆಗೆ ಆ ಸಾಲು ಸಿಕ್ಕಿರಲಿಲ್ಲ. 1962ರ ಫೆಬ್ರವರಿ 20ರಂದು ಗಗನಯಾತ್ರಿ ಜಾನ್ ಗ್ಲೆನ್ ಭೂಮಿಯನ್ನು ಮೂರು ಸುತ್ತು ಹಾಕುವ ಮೊದಲು, ಐಬಿಎಂ ಯಂತ್ರದ ಅಂಕಿಗಳನ್ನು 'ಆ ಹುಡುಗಿ' ಕೈಯಿಂದ ಪರಿಶೀಲಿಸಿ ಎಂದು ಕೇಳಿದ. ಹುಡುಗಿಗೆ ಆಗ 43 ವರ್ಷ. ಒಂದೂವರೆ ದಿನ ಲೆಕ್ಕ ಮಾಡಿ, ಸರಿಯಿದೆ ಎಂದರು. ಗ್ಲೆನ್ ಹಾರಿದ.

ಅದೇ ಫೆಬ್ರವರಿ 20ರಂದು ಫಾರ್ಮ್‌ವಿಲ್‌ನಲ್ಲಿ ಕಪ್ಪು ಮಕ್ಕಳಿಗೆ ಶಾಲೆ ಇರಲಿಲ್ಲ. ರಜೆಯಲ್ಲ, ಶಾಲೆಯೇ ಇರಲಿಲ್ಲ. ಡೊರೊಥಿ ಹಿಂದೆ ಲೆಕ್ಕ ಕಲಿಸುತ್ತಿದ್ದ ಮೋಟನ್ ಹೈಸ್ಕೂಲನ್ನು 180 ಮಕ್ಕಳಿಗೆಂದು ಕಟ್ಟಿದ್ದು, 400ಕ್ಕೂ ಹೆಚ್ಚು ಮಕ್ಕಳನ್ನು ತುಂಬಿದ್ದರು. ಜಾಗ ಸಾಲದೆ ಪಕ್ಕದಲ್ಲಿ ಟಾರು ಕಾಗದ ಹೊದಿಸಿದ ಶೆಡ್ಡುಗಳು. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ಎಂಬ ವಿದ್ಯಾರ್ಥಿನಿ ಇಡೀ ಶಾಲೆಯನ್ನು ಮುಷ್ಕರಕ್ಕೆ ಹೊರಡಿಸಿದಳು. ಆ ಮಕ್ಕಳ ಮೊಕದ್ದಮೆ 1954ರಲ್ಲಿ ಶಾಲೆಗಳ ವರ್ಣಭೇದವನ್ನು ಅಸಿಂಧುಗೊಳಿಸಿದ ಬ್ರೌನ್ ತೀರ್ಪಿನ ಐದು ಮೊಕದ್ದಮೆಗಳಲ್ಲಿ ಒಂದು. ಕಪ್ಪು ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಗಳನ್ನೇ ಮುಚ್ಚುವುದು ಲೇಸೆಂದು ಫಾರ್ಮ್‌ವಿಲ್ ಇರುವ ಪ್ರಿನ್ಸ್ ಎಡ್ವರ್ಡ್ ಕೌಂಟಿ 1959ರಲ್ಲಿ ತೀರ್ಮಾನಿಸಿತು. ಬಿಳಿ ಮಕ್ಕಳಿಗೆ ಖಾಸಗಿ ಶಾಲೆ ತೆರೆದರು. ಸುಮಾರು 1,700 ಕಪ್ಪು ಮಕ್ಕಳಿಗೆ ಏನೂ ಇಲ್ಲ. ಸರ್ಕಾರಿ ಶಾಲೆಗಳ ಬಾಗಿಲು ಮತ್ತೆ ತೆರೆದದ್ದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 1964ರಲ್ಲಿ. ಲ್ಯಾಂಗ್ಲಿಯೂ ಫಾರ್ಮ್‌ವಿಲ್ಲೂ ಒಂದೇ ರಾಜ್ಯದವು. ಕ್ಯಾಥರಿನ್ ಲೆಕ್ಕ ಸರಿಯಿದೆ ಎಂದ ವರ್ಷ, ಮುಂದಿನ ಕ್ಯಾಥರಿನ್ ಆಗಬಹುದಾಗಿದ್ದ ಒಬ್ಬ ಹುಡುಗಿ ಅಲ್ಲಿ ಮೂರನೇ ವರ್ಷವೂ ಕೂಡುವ ಕಳೆಯುವ ಪುಸ್ತಕವಿಲ್ಲದೆ ಮನೆಯಲ್ಲಿ ಕುಳಿತಿದ್ದಳು. ವಿಜ್ಞಾನಕ್ಕೆ ಕಪ್ಪು ಅಭ್ಯರ್ಥಿಗಳೇ ಬರುವುದಿಲ್ಲ ಎಂದು ಮುಂದೆ ಕಚೇರಿಗಳಲ್ಲಿ ನಿಟ್ಟುಸಿರು ಬಿಟ್ಟವರು ಈ ಲೆಕ್ಕವನ್ನು ಮರೆತಿರುತ್ತಾರೆ.

1941ರಲ್ಲಿ ರದ್ದಾದ ಮೆರವಣಿಗೆ 1963ರ ಆಗಸ್ಟ್ 28ರಂದು ಕೊನೆಗೂ ವಾಷಿಂಗ್ಟನ್‌ಗೆ ಬಂತು. ನಾವದನ್ನು ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣದಿಂದ ನೆನೆಯುತ್ತೇವೆ. ಅದರ ನೇತೃತ್ವ 74 ವರ್ಷದ ರಾಂಡಾಲ್ಫ್‌ರದ್ದು, ಮೆರವಣಿಗೆಯ ಹೆಸರಿನಲ್ಲಿ ಮೊದಲು ಬರುವ ಬೇಡಿಕೆ 'ಉದ್ಯೋಗ'. 1965ರಲ್ಲಿ ಅಧ್ಯಕ್ಷ ಜಾನ್ಸನ್ 11246ನೇ ಆದೇಶ ಹೊರಡಿಸಿ, ಸರ್ಕಾರದ ಗುತ್ತಿಗೆ ಪಡೆಯುವ ಕಂಪನಿಗಳು ತಾರತಮ್ಯ ಬಿಟ್ಟರೆ ಸಾಲದು, ಎಲ್ಲರನ್ನೂ ಒಳಗೊಳ್ಳಲು ಮುಂದಾಗಿ ಹೆಜ್ಜೆ ಇಡಬೇಕು ಎಂದರು. ಸುಮಾರು 60 ವರ್ಷ ಬಾಳಿದ ಆ ಆದೇಶವನ್ನು 2025ರ ಜನವರಿ 21ರಂದು ಅಧ್ಯಕ್ಷ ಟ್ರಂಪ್ ಇನ್ನೊಂದು ಆದೇಶದಿಂದ ರದ್ದು ಮಾಡಿದರು.

ನಾಸಾ ಒಳಗೆ ಈ ಹೆಜ್ಜೆ ಎಷ್ಟು ದೂರ ಹೋಯಿತು? ಲೆಕ್ಕ ಕೊಟ್ಟವರು ರೂತ್ ಬೇಟ್ಸ್ ಹ್ಯಾರಿಸ್. 1971ರಲ್ಲಿ ಸಮಾನ ಅವಕಾಶದ ಕೆಲಸಕ್ಕೆಂದು ನಾಸಾ ಕರೆತಂದ ಕಪ್ಪು ಮಹಿಳೆ. 1973ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಸೇರಿ ಮುಖ್ಯಸ್ಥರಿಗೆ ಒಂದು ವರದಿ ಬರೆದರು. ಇಡೀ ಕಾರ್ಯಕ್ರಮ ಹೆಚ್ಚುಕಡಿಮೆ ಸಂಪೂರ್ಣ ವಿಫಲ, ನಾಸಾ ನೌಕರರಲ್ಲಿ ಅಲ್ಪಸಂಖ್ಯಾತರು ಶೇ. 5ರ ಆಸುಪಾಸು, ಉಳಿದ ಕೇಂದ್ರ ಸರ್ಕಾರದಲ್ಲಿ ಸುಮಾರು ಶೇ. 20. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಾಸಾ ಅದುವರೆಗೆ ಬಾಹ್ಯಾಕಾಶಕ್ಕೆ ಕಳಿಸಿದ ಹೆಣ್ಣುಗಳು ಮೂರು ಎಂದೂ ಬರೆದರು. ಎರಡು ಜೇಡಗಳು, ಅರಬೆಲ್ಲಾ ಮತ್ತು ಅನಿಟಾ, ಒಂದು ಮಂಗ, ಮಿಸ್ ಬೇಕರ್. ಇಷ್ಟು ಚೂಪಾದ ಸರ್ಕಾರಿ ಕಡತವನ್ನು ನಾನು ಬೇರೆ ಕೇಳಿಲ್ಲ.

ಹ್ಯಾರಿಸ್‌ರನ್ನು ಅಕ್ಟೋಬರಿನಲ್ಲಿ ಕೆಲಸದಿಂದ ತೆಗೆದರು. ಪತ್ರಿಕೆಗಳು ಬರೆದವು, ಸೆನೆಟ್ ಸಮಿತಿ ವಿಚಾರಣೆಗೆ ಕರೆಯಿತು, 1974ರಲ್ಲಿ ಬೇರೊಂದು ಹುದ್ದೆ ಕೊಟ್ಟು ವಾಪಸು ಕರೆದರು. 1978ರಲ್ಲಿ ಆರಿಸಿದ 35 ಗಗನಯಾತ್ರಿಗಳ ತಂಡದಲ್ಲಿ ಮೊದಲ ಸಲ ಆರು ಹೆಂಗಸರು, ಮೂವರು ಕಪ್ಪು ಗಂಡಸರು, ಒಬ್ಬ ಏಷ್ಯನ್ ಅಮೆರಿಕನ್ ಇದ್ದರು. ಆ ಮೂವರು ಕಪ್ಪು ಗಂಡಸರಲ್ಲಿ ಒಬ್ಬರಾದ ಗಯಾನ್ ಬ್ಲೂಫರ್ಡ್ 1983ರಲ್ಲಿ ಹಾರಿದರು. ಮಿರಿಯಮ್ ಮ್ಯಾನ್ ಇದ್ಯಾವುದನ್ನೂ ನೋಡಲಿಲ್ಲ. ಆರೋಗ್ಯ ಕೆಟ್ಟು 1966ರಲ್ಲಿ ಕೆಲಸ ಬಿಟ್ಟು ಮರುವರ್ಷ ತೀರಿಕೊಂಡಿದ್ದರು.

ಆ ಮರುವರ್ಷವೇ, 1967ರಲ್ಲಿ, ಲ್ಯಾಂಗ್ಲಿ ಸೇರಿದ ಕ್ರಿಸ್ಟೀನ್ ಡಾರ್ಡನ್ ಸ್ನಾತಕೋತ್ತರ ಪದವಿ ಪಡೆದವರು. ಅವರನ್ನು ಕೂರಿಸಿದ್ದು ಮತ್ತೆ ಲೆಕ್ಕದ ಹೆಂಗಸರ ಕೋಣೆಯಲ್ಲಿ. ಕೆಲವು ವರ್ಷ ನೋಡಿ, ಮೇಲಧಿಕಾರಿಯ ಬಳಿ ಹೋಗಿ ನೇರವಾಗಿ ಕೇಳಿದರು: ನನ್ನಷ್ಟೇ ಓದಿದ ಗಂಡಸರು ಎಂಜಿನಿಯರಿಂಗ್ ವಿಭಾಗಕ್ಕೆ ಹೋಗುತ್ತಾರೆ, ನಾನೇಕೆ ಇಲ್ಲಿ? ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲವಂತೆ. ಅವರನ್ನು ವರ್ಗ ಮಾಡಿದರು. ಶಬ್ದಾತೀತ ವಿಮಾನಗಳು ಹುಟ್ಟಿಸುವ ಸದ್ದಿನ ಸ್ಫೋಟದ ಬಗ್ಗೆ ಅವರು ಮುಂದೆ ದೊಡ್ಡ ತಜ್ಞೆಯಾದರು.

ಮೇರಿ ಜಾಕ್ಸನ್ 1979ರ ಹೊತ್ತಿಗೆ ಎಂಜಿನಿಯರ್ ಆಗಿ 20 ವರ್ಷ ದಾಟಿದ್ದರು. ಒಂದು ಹಂತದ ಮೇಲೆ ಬಡ್ತಿ ನಿಂತುಹೋಗಿತ್ತು. ಆ ವರ್ಷ ಅವರು ಮಾಡಿದ್ದನ್ನು ಸಂಬಂಧಿಕರು ಹುಚ್ಚು ಎಂದಿದ್ದರೂ ತಪ್ಪಿರಲಿಲ್ಲ: ಎಂಜಿನಿಯರ್ ಹುದ್ದೆ ಬಿಟ್ಟು, ದರ್ಜೆ ಇಳಿಸಿಕೊಂಡು, ಮಹಿಳಾ ನೌಕರರ ಕಾರ್ಯಕ್ರಮ ನೋಡಿಕೊಳ್ಳುವ ಮೇಜಿಗೆ ಹೋಗಿ ಕುಳಿತರು. 1985ರಲ್ಲಿ ನಿವೃತ್ತರಾಗುವವರೆಗೆ ಆ ಮೇಜಿನ ಕೆಲಸ ಹೊರಗಿನವರಿಗೆ ಕಾಣುವಂಥದ್ದಲ್ಲ. ಬಡ್ತಿ ಯಾಕೆ ಬಂದಿಲ್ಲ ಎಂದು ಯಾರಾದರೂ ಬಂದರೆ ಏನು ತಡೆದಿದೆ ಎಂದು ನೋಡಬೇಕು. ಒಬ್ಬಳಿಗೆ ಹಾಕಿಕೊಟ್ಟ ಕೆಲಸವೇ ಅವಳನ್ನು ಕಟ್ಟಿಹಾಕಿರುತ್ತಿತ್ತು. ಇನ್ನೊಬ್ಬಳಿಗೆ ಕಡಿಮೆ ಬಿದ್ದಿರುತ್ತಿದ್ದದ್ದು ಒಂದೋ ಎರಡೋ ತರಗತಿ. ಯಾವ ತರಗತಿ ಎಂಬುದನ್ನು ಮೇರಿ ಹೇಳಿ ಕಳಿಸುತ್ತಿದ್ದರು.